ಕಡಲತೀರಕ್ಕೊಂದು ಗಿರಿಯಾತ್ರೆ

ಬೆಂಗಳೂರಿನ ಗಾಂಧಿನಗರದ ಹೋಟೆಲೊಂದರಲ್ಲಿ ಬೈಟು ಕಾಫಿಯನ್ನು ಮುಂದಿಟ್ಟುಕೊಂಡು, ಗುಡ್ಡವೇರುವುದಕ್ಕೆಂದೇ ನಿರ್ಮಿತವಾದ ಮೌಂಟನ್ ಬೈಕೊಂದನ್ನು ಕೊಂಡು ಅದನ್ನು ಇನ್ನೂ ತುಳಿಯದೆ ಇದ್ದ ರಾಯರು, ತಮ್ಮ ದಿಗ್ವಿಜಯದ ಸಂಕಲ್ಪವನ್ನು ಶಾಸ್ತ್ರಿಗಳಲ್ಲಿ ನಿವೇದಿಸಿದರು.

“ಮಂಗಳೂರಿನ ತಣ್ಣೀರುಬಾವಿ ವೃಕ್ಷೋದ್ಯಾನಕ್ಕೆ ಹೊರಟಿದ್ದೇನೆ, ಶಾಸ್ತ್ರಿಗಳೇ.”

“ಗುರುಪುರ ನದಿಗೂ ಅರಬ್ಬೀ ಸಮುದ್ರಕ್ಕೂ ನಡುವಣ ಆ ಮರಳುನೆಲದಲ್ಲಿ ಪರ್ವತವೆಲ್ಲಿ, ರಾಯರೇ?”

“ದಾರಿಯಲ್ಲಿ ಶಿರಾಡಿ ಘಾಟಿಯಿದೆಯಲ್ಲ!”

“ಅದನ್ನು ಸೈಕಲ್ಲಿನಲ್ಲಿ ಇಳಿಯುವಿರೋ?”

“ಛೇ! ಸೈಕಲ್ಲು ಬಸ್ಸಿನ ಹೊಟ್ಟೆಯಲ್ಲಿ, ನಾನು ಸ್ಲೀಪರಿನಲ್ಲಿ. ಮೆಜೆಸ್ಟಿಕ್ಕಿನಲ್ಲಿ ಕಣ್ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ಘಾಟಿ ಮುಗಿದಿರುತ್ತದೆ. ಅನಂತರ ಸುಲ್ತಾನ್ ಬತ್ತೇರಿಯಿಂದ ದೋಣಿ.”

“ಎಂದರೆ, ಗಿರಿಯನ್ನು ನಿದ್ರೆಯಲ್ಲಿಯೂ ನದಿಯನ್ನು ದೋಣಿಯಲ್ಲಿಯೂ ದಾಟಿ, ಮರಳಿನಲ್ಲಿ ವಾಹನವನ್ನು ತಳ್ಳುತ್ತ ನಡೆಯುವಿರಿ! ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಈ ಊರಿನಲ್ಲೇ, ಕನಕಪುರ ರಸ್ತೆಯ ಬದಿಗೆ, ತುರಹಳ್ಳಿಯ ಬಂಡೆಗಳಿರುವಾಗ…”

“ತುರಹಳ್ಳಿಯೇ? ಅಲ್ಲಿ ಏರು ವಿಪರೀತ, ಸ್ವಾಮಿ!”