ಸೂತ್ರಭೇದ ವಿವೇಚನೆ: ಚೀಕಲಪರ್ವಿ ಸೀಮೆಯ ವೈರಿಂಗ್ ಮೀಮಾಂಸೆ

ಎಂಜಿನ್ ಬದಲಾವಣೆ ಎಂಬ ಸಂಕಥನದೊಳಗೆ ವೈರಿಂಗ್ ಕಿಟ್ಟಿನ ಅನನ್ಯತೆಯನ್ನು ಅನುಸಂಧಾನಕ್ಕೆ ಒಡ್ಡುವುದು ಪ್ರಸ್ತುತ ಪ್ರಬಂಧದ ತಾತ್ವಿಕ ಆಶಯ. ವೈರಿಂಗ್ ಎಂಬುದು ಒಂದು ಪಠ್ಯ. ಮಾನ್ವಿ ತಾಲ್ಲೂಕಿನ ಇಲಿಗಳು ಆ ಪಠ್ಯವನ್ನು ಈಗಾಗಲೇ ನಿರಚನೆಗೆ ಒಳಪಡಿಸಿವೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಭತ್ತ, ಭತ್ತದಿಂದ ಇಲಿ, ಇಲಿಯಿಂದ ಬಾನೆಟ್ಟಿನೊಳಗೆ ಬೆತ್ತಲೆ ತಾಮ್ರ: ಈ ಕಾರ್ಯಕಾರಣ ಸರಣಿಯ ಮೇಲೆ ಯಾವ ವಿಮರ್ಶಕನ ಕಣ್ಣೂ ಬಿದ್ದಂತಿಲ್ಲ.

ಅಧ್ಯಯನದ ಕ್ಷೇತ್ರ ಇದೇ ತಾಲ್ಲೂಕಿನ ಚೀಕಲಪರ್ವಿ. ತುಂಗಭದ್ರೆಯ ದಡದ ಊರು, ಸುಳಾದಿ ವಿಜಯದಾಸರು (1682–1755) ಹುಟ್ಟಿದ ಊರು. ದ್ವೈತಿಗಳ ನೆಲವಾದ್ದರಿಂದ ವಿಂಗಡಣೆಯೂ ಪಂಚಭೇದದ ಕ್ರಮದಲ್ಲೇ ನಡೆಯತಕ್ಕದ್ದು.

ಪ್ರಥಮ ಭೇದ: ಪೆಟ್ರೋಲ್–ಡೀಸೆಲ್ ಭೇದ. ಪೆಟ್ರೋಲ್ ಅಂಬಾಸಡರ್‌ಗೆ ಡೀಸೆಲ್ ಎಂಜಿನ್ ಕೂರಿಸಿದಾಗ ಕಾಯಿಲ್ಲು, ಡಿಸ್ಟ್ರಿಬ್ಯೂಟರ್‌ಗಳ ವೈರುಗಳು ತಬ್ಬಲಿಯಾಗುತ್ತವೆ. ಡೀಸೆಲ್ಲಿಗೆ ಕಿಡಿ ಬೇಡ, ಕಾವು ಬೇಕು. ಹೀಗಾಗಿ ಹೀಟರ್ ಪ್ಲಗ್ಗುಗಳು ರಂಗಪ್ರವೇಶ ಮಾಡುತ್ತವೆ. ನಾಲ್ಕು ಪ್ಲಗ್ಗು ಸೇರಿದರೆ 40 ಆಂಪಿಯರ್ ಆಸುಪಾಸು ಎಳೆಯುತ್ತವೆ. ಅಷ್ಟನ್ನೂ ಕಾಯಿಲ್ಲಿನ ಹಳೇ ಸಣ್ಣ ವೈರಿನಲ್ಲೇ ಹರಿಸಲು ಹೋದರೆ ಸಂಕಥನವು ಹೊಗೆಯ ರೂಪದಲ್ಲಿ ಡ್ಯಾಶ್‌ಬೋರ್ಡಿನಿಂದ ಹೊರಬರುತ್ತದೆ. ದಪ್ಪ ವೈರು, ರಿಲೇ, ಫ್ಯೂಸು. ಇಷ್ಟನ್ನು ಹೇಳಲು ಮೇಲಿನ ಸಾಲುಗಳೆಲ್ಲ ಬೇಕಿರಲಿಲ್ಲವೆಂಬ ಆಕ್ಷೇಪವನ್ನು ಪ್ರಬಂಧಕಾರ ನಮ್ರವಾಗಿ ತಳ್ಳಿಹಾಕುತ್ತಾನೆ.

ದ್ವಿತೀಯ ಭೇದ: ಬಾಡಿ–ಎಂಜಿನ್ ಭೇದ. ಎಂಜಿನ್ ಕೂರುವುದು ರಬ್ಬರಿನ ಮೇಲೆ. ಆದ್ದರಿಂದ ಕಬ್ಬಿಣದ ಬಾಡಿಯೊಳಗಿದ್ದೂ ಅದು ಬಾಡಿಗೆ ಅನ್ಯ. ಇವೆರಡರ ಮುಖಾಮುಖಿ ಸಾಧ್ಯವಾಗುವುದು ಒಂದು ಹೆಣೆದ ತಾಮ್ರದ ಪಟ್ಟಿಯಿಂದ. ಎಂಜಿನ್ ಇಳಿಸುವಾಗ ಬಿಚ್ಚಿಟ್ಟ ಆ ಪಟ್ಟಿ ಏರಿಸುವಾಗ ನೆನಪಾಗದಿದ್ದರೆ, ಸೆಲ್ಫ್ ಹೊಡೆದ ಕೂಡಲೇ ನೂರಾರು ಆಂಪಿಯರ್ ಬ್ಯಾಟರಿಗೆ ಮರಳುವ ದಾರಿ ಹುಡುಕುತ್ತಾ ಆಕ್ಸಿಲರೇಟರ್ ಕೇಬಲನ್ನೇ ಹಿಡಿಯುತ್ತದೆ. ಕೇಬಲ್ ಕಾದು, ಸುಟ್ಟು, ಕಚ್ಚಿಕೊಳ್ಳುತ್ತದೆ. ವಿಚಾರ ಸಂಕಿರಣದಲ್ಲಾದರೆ ಇದು ‘ನೆಲೆಗಳ ಬಿಕ್ಕಟ್ಟು’. ಊಟದ ವಿರಾಮದವರೆಗೂ ಎಳೆಯಬಹುದು. ಗ್ಯಾರೇಜಿನಲ್ಲಿ ಹೇಳುವುದು ಬೇರೆ: “ಅರ್ತ್ ಹಚ್ಚೋದು ಮರ್ತಾರ್ರೀ ಸರ.” ನಾಲ್ಕೇ ಮಾತು, ಅಡಿಟಿಪ್ಪಣಿಯಿಲ್ಲ.

ತೃತೀಯ ಭೇದ: ಪಂಪು–ಕಂಪ್ಯೂಟರ್ ಭೇದ. ಹಳೇ ಡೀಸೆಲ್ ಎಂಜಿನ್ನಿಗೆ ಬೇಕಾದ ವೈರುಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು: ಸೆಲ್ಫು, ಡೈನಮೊ, ಹೀಟರು, ಆಯಿಲು, ಟೆಂಪರೇಚರು, ಪಂಪಿನ ಸ್ಟಾಪು. ಕಾಮನ್ ರೈಲ್ ಎಂಜಿನ್ನಿಗೆ ಇಸಿಯು ಎಂಬ ಕಂಪ್ಯೂಟರ್ ಪೀಠಾಧಿಪತಿಯ ಅಪ್ಪಣೆ ಬೇಕು. ಆಕ್ಸಿಲರೇಟರ್ ಪೆಡಲ್ಲು ಎರಡು ಸಿಗ್ನಲ್ ಕಳಿಸುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ಎಂಜಿನ್ ಕುಂಟುತ್ತದೆ. ಕೀಲಿಯೊಳಗಿನ ಚಿಪ್ಪನ್ನು ಇಮೊಬಿಲೈಸರ್ ಗುರುತಿಸದಿದ್ದರೆ ಶುರುವೇ ಆಗುವುದಿಲ್ಲ. ಹಾಗಾಗಿ ಗುಜರಿಯಿಂದ ಎಂಜಿನ್ ತರುವವರು ಅದೇ ಗಾಡಿಯ ಕಿಟ್ಟು, ಇಸಿಯು, ಪೆಡಲ್ಲು, ಕೀಲಿ ಎಲ್ಲವನ್ನೂ ಒಟ್ಟಿಗೇ ತರಬೇಕು. ಕಪ್ಲರ್ ಬಿಚ್ಚುವ ಬೇಸರಕ್ಕೆ ಕಟರ್ ಆಡಿಸಿದ್ದರೆ ಅಂಥ ಕಿಟ್ಟು ಬೇಡ. ಇವೆಲ್ಲ ತಮ್ಮೊಳಗೆ ಮಾತಾಡುವುದು ಹೆಣೆದುಕೊಂಡ ಎರಡು ಕ್ಯಾನ್ ವೈರುಗಳ ಮೇಲೆ. ಬ್ಯಾಟರಿ ಕಳಚಿ ಅವೆರಡರ ನಡುವೆ ಮೀಟರ್ ಹಿಡಿದರೆ 60 ಓಮ್ ಆಸುಪಾಸು ತೋರಿಸಬೇಕು. 120 ತೋರಿಸಿದರೆ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ತುಂಡಾಗಿದೆ ಎಂದರ್ಥ. ಇಲಿಯನ್ನು ನೆನೆಯಿರಿ.

ಚತುರ್ಥ ಭೇದ ಆರ್‌ಸಿ ಪುಸ್ತಕದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಇಂಥ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಮಾಡಿದ 14 ದಿನದೊಳಗೆ ವರದಿಯೂ ಆಗಬೇಕು. ಪಂಚಮ ಭೇದ... ಸಾಕು. ರಾಯಚೂರು ಸೀಮೆಯ ಮೇ ತಿಂಗಳಲ್ಲಿ, ತಗಡಿನ ಕೆಳಗೆ, ಟೇಪಿನ ಅಂಟು ಕರಗಿ ಬೆರಳಿಗೆ ಹತ್ತುತ್ತಿರುವಾಗ ಭೇದ ಎಣಿಸುತ್ತ ಕೂರುವ ಚಟ ಯಾರಿಗೂ ಇರುವುದಿಲ್ಲ.

ಅಲ್ಲಿ ಕೂತ ಮಿಸ್ತ್ರಿಯ ಮುಂದೆ ಇರುವುದು ಒಂದು ಮೀಟರು, ಒಂದು ಟೆಸ್ಟ್ ಲ್ಯಾಂಪು, ನೂರಾರು ವೈರು. ಕಂಪನಿಯ ಸರ್ವಿಸ್ ಪುಸ್ತಕ ಇಂಗ್ಲಿಷಿನಲ್ಲಿದೆ. ಅದೂ ಅವನ ಕೈಗೆ ಬಂದಿಲ್ಲ. ಹತ್ತಾರು ಗಾಡಿ ಬಿಚ್ಚಿ, ಒಂದೆರಡು ಇಸಿಯು ಸುಟ್ಟು, ಬೈಸಿಕೊಂಡು ಕಲಿತದ್ದನ್ನು ಅವನು ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿಕೊಂಡಿದ್ದಾನೆ: ಯಾವ ಬಣ್ಣ ಎಲ್ಲಿಗೆ, ಎಷ್ಟನೇ ಪಿನ್ನು, ಯಾವುದಕ್ಕೆ 5 ವೋಲ್ಟು, ಯಾವುದಕ್ಕೆ 12. ಮುಂದಿನ ದೀಪಾವಳಿಗೆ ಆ ಗೋಡೆಗೆ ಸುಣ್ಣ ಬೀಳುತ್ತದೆ. ‘ದೇಸಿ ಜ್ಞಾನ ಪರಂಪರೆ’ ಕುರಿತು ಎರಡು ದಿನ ಮಾತಾಡಿ ಭತ್ಯೆ ಎಣಿಸಿಕೊಂಡು ಹೋದವರಲ್ಲಿ ಒಬ್ಬರಾದರೂ ಆ ಗೋಡೆಯ ಫೋಟೊ ತೆಗೆದುಕೊಂಡಿದ್ದರೆ ಈ ಅಣಕಿನ ಅಗತ್ಯವೇ ಇರುತ್ತಿರಲಿಲ್ಲ.

ಇದೇ ಸೀಮೆಯ ಕಥೆಯೊಂದಿದೆ. ಮಾನ್ವಿಯ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರಿಗೆ ಕನ್ನಡದ ದಾಸರೆಂದರೆ ಅಷ್ಟಕ್ಕಷ್ಟೆ. ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವಿನ ನೆಪ ಹೇಳಿದರು, ನೋವು ನಿಜವಾಗಿಯೇ ಬಂತು ಎಂದು ಪ್ರತೀತಿ. ಗೋಪಾಲದಾಸರ ಕೃಪೆಯಿಂದ ಗುಣವಾಗಿ ಜಗನ್ನಾಥದಾಸರಾದರು. ಶಾಸ್ತ್ರವನ್ನೆಲ್ಲ ಕನ್ನಡದ ಭಾಮಿನಿ ಷಟ್ಪದಿಗೆ ಇಳಿಸಿ ‘ಹರಿಕಥಾಮೃತಸಾರ’ ಬರೆದರು. ಮೋಕ್ಷದ ದಾರಿಯ ನಕ್ಷೆಯೇ ಕನ್ನಡಕ್ಕೆ ಬಂದ ನೆಲದಲ್ಲಿ ಬೊಲೆರೋದ ವೈರಿಂಗ್ ನಕ್ಷೆ ಬರಲಾರದೆ?

ಬಲ್ಲವರು ಒಂದೇ ಒಂದು ಹಾಳೆ ಕನ್ನಡದಲ್ಲಿ ಬರೆದುಕೊಡಿ. ಮುನ್ನುಡಿ ಬೇಡ. ಅರ್ತ್ ಎಲ್ಲಿ ಹಚ್ಚಬೇಕೆಂಬಲ್ಲಿಂದ ಶುರುಮಾಡಿ.