ಯಾರ ಪದ ದೊಡ್ಡದು?

ಬಿ.ಸಿ. ರೋಡಿನ ಹೋಟೆಲಿನಲ್ಲಿ ಗೋಳಿಬಜೆ ಆರುವುದರೊಳಗೆ ಚುನಾವಣೆಯೇ ಇತ್ಯರ್ಥವಾದೀತು. ಯಕ್ಷಗಾನದ ತೆಂಕುತಿಟ್ಟಿನಲ್ಲಿ ಪದ ಹೇಳುವ ಯಾವ ಭಾಗವತರು ದೊಡ್ಡವರು ಎಂಬುದು ಮಾತ್ರ ಆಗದು. ಮೂಡುಬಿದಿರೆಯವರಿಗೆ ಸಂಶಯವೇ ಇಲ್ಲ. ಬಲಿಪ ನಾರಾಯಣ ಭಾಗವತರು ಅವರ ಮಾರೂರಿನಲ್ಲೇ ಇದ್ದವರು, ಐದು ದಿನದ ದೇವೀಮಹಾತ್ಮೆ ಪ್ರಸಂಗ ಬರೆದವರು. “ಮೈಕ್ ಇಲ್ಲದಿದ್ದರೂ ಗದ್ದೆಯಾಚೆಗೆ ಕೇಳ್ತಿತ್ತು ಮಾರಾಯ್ರೆ!”

ಬೆಳ್ತಂಗಡಿಯವರು ಬಿಟ್ಟಾರೆಯೇ? ಧರ್ಮಸ್ಥಳ ಮೇಳದ ಕಡತೋಕ ಮಂಜುನಾಥ ಭಾಗವತರನ್ನು ಮುಂದಿಡುತ್ತಾರೆ. ಕಡತೋಕ ಇರುವುದು ಉತ್ತರ ಕನ್ನಡದಲ್ಲಲ್ಲವೇ ಎಂದರೆ, “ಊರು ಎಲ್ಲಿಯಾದರೂ ಇರಲಿ, ಪದ ಹೇಳಿದ್ದು ಯಾವ ಮೇಳದಲ್ಲಿ, ಅದು ಹೇಳಿ!”

ಅಷ್ಟರಲ್ಲಿ ಮೂಲೆಯಿಂದ ದಾಮೋದರ ಮಂಡೆಚ್ಚರ ಹೆಸರು. ಆಟಕ್ಕೆ ಶಾಸ್ತ್ರೀಯ ಸಂಗೀತದ ಸೊಗಸು ತಂದರೆಂದು ಒಬ್ಬರ ಹೊಗಳಿಕೆ, ಅದೇ ಕಾರಣಕ್ಕೆ ಇನ್ನೊಬ್ಬರ ಮುನಿಸು. ನನ್ನ ಮತ ಬಲಿಪರಿಗೆ. ಆದರೆ ಬೆಳ್ತಂಗಡಿಯ ಬಸ್ಸಿನಲ್ಲಿ ನಾನು ಬಾಯಿ ಬಿಡುವುದಿಲ್ಲ.

ಇನ್ನು, ಎಲ್ಲಕ್ಕಿಂತ ಒಳ್ಳೆಯ ಆಟ ಯಾವಾಗಲೂ ಎದುರು ಕೂತವರು ನೋಡದೇ ಇದ್ದದ್ದು. ಕ್ಯಾಸೆಟ್ ಉಂಟಾ ಎಂದು ಕೇಳಿದರೆ ಉತ್ತರ ಸಿದ್ಧ: “ಉಂಟು. ಆದರೆ ಅದರ ಮೇಲೆಯೇ ಮಗಳ ಮದುವೆಯ ನಾಗಸ್ವರ ರೆಕಾರ್ಡ್ ಆಗಿದೆ.”