ಒಳಗಟ್ಟುವಿಕೆ ಮತ್ತು ಹೊರಗಟ್ಟುವಿಕೆ: ಅಮೆರಿಕದ ಕುಟುಂಬಚಿತ್ರಗಳ ಬಗ್ಗೆ ಹಾನಗಲ್ಲ ಸೀಮೆಯ ಸಿದ್ಧಾಂತ

ಅಮೆರಿಕದ ಕೌಟುಂಬಿಕ ಸಿನಿಮಾ, ಧಾರಾವಾಹಿಗಳನ್ನು ವ್ಯಾಖ್ಯಾನಿಸಿದ ಪಂಡಿತರು ಪಾತ್ರ, ಸಂಭಾಷಣೆ ಎಂದೆಲ್ಲ ಕಾಲಹರಣ ಮಾಡಿ ಮೂಲಧಾತುವನ್ನೇ ಕೈಬಿಟ್ಟಿದ್ದಾರೆ. ಆ ಮೂಲಧಾತು ಮಗನ ಕೋಣೆಯ ಬಾಗಿಲು. ಅವನು ಅದನ್ನು ದಢಾರನೆ ಮುಚ್ಚಬೇಕು, ತಾಯಿ ಹೊರಗೆ ನಿಂತು ಮೆಲ್ಲಗೆ ತಟ್ಟಬೇಕು. ಬಾಗಿಲು ಕಿತ್ತರೆ ಅರ್ಧ ಹಾಲಿವುಡ್ ಕುಸಿಯುತ್ತದೆ.

ಇದಕ್ಕೆ ಕಾರಣ ಶಿಕ್ಷೆಯ ದಿಕ್ಕು. ಅವರು ತಪ್ಪು ಮಾಡಿದವನನ್ನು ಒಳಗಟ್ಟುತ್ತಾರೆ, ನಾವು ಹೊರಗಟ್ಟುತ್ತೇವೆ. ಸ್ವಂತ ಕೋಣೆ, ಸ್ವಂತ ಮಂಚ, ಮೇಲೊಂದು ಗಿಟಾರು: ಇದನ್ನು ಶಿಕ್ಷೆ ಎಂದು ಹಾನಗಲ್ಲದ ಪಡಸಾಲೆಯಲ್ಲಿ ಓದಿ ಹೇಳಿದರೆ, ಒಂದೇ ಕೌದಿ ಎಳೆದಾಡುತ್ತ ಮಲಗಿದ ಮೂವರೂ ಎದ್ದು ಕೂತು, ‘ಯಪ್ಪಾ, ನಂದೂ ತಪ್ಪೈತಿ’ ಎನ್ನುತ್ತಾರೆ.

1990ರ ‘ಹೋಮ್ ಅಲೋನ್’ ಚಿತ್ರವನ್ನೇ ತೆಗೆದುಕೊಳ್ಳಿ. ಎಂಟು ವರ್ಷದ ಕೆವಿನ್‌ನನ್ನು ಪ್ಯಾರಿಸ್ ಪ್ರಯಾಣದ ಹಿಂದಿನ ರಾತ್ರಿ ಅಟ್ಟಕ್ಕೆ ಅಟ್ಟುತ್ತಾರೆ. ಬೆಳಗ್ಗೆ ತಲೆ ಎಣಿಸುವಾಗ ನೆರೆಮನೆಯ ಹುಡುಗನೊಬ್ಬ ಲೆಕ್ಕಕ್ಕೆ ಸೇರಿ, ಮನೆಮಂದಿ ವಿಮಾನ ಹತ್ತಿಬಿಡುತ್ತಾರೆ. ಸವಣೂರಿನಲ್ಲಾಗಿದ್ದರೆ ಅವ್ವ ‘ಕಣ್ಣ ಮುಂದ ನಿಲ್ಲಬ್ಯಾಡ, ನಡಿ ಹೊರಗ’ ಅಂದಿರುತ್ತಿದ್ದಳು. ಹುಡುಗ ದೊಡ್ಡವ್ವನ ಮನೆಯಲ್ಲಿ ಬಿಸಿರೊಟ್ಟಿ ತಿಂದು, ನಸುಕಿಗೇ ಕ್ರೂಸರಿನ ಮುಂದಿನ ಸೀಟು ಹಿಡಿದಿರುತ್ತಿದ್ದ. ಅವನು ಒಬ್ಬನೇ ಉಳಿದನೆಂದೇ ಇಟ್ಟುಕೊಳ್ಳಿ. ಕಳ್ಳರಾದ ಹ್ಯಾರಿ, ಮಾರ್ವ್ ಓಣಿಗೆ ಕಾಲಿಡುತ್ತಲೇ ಕಟ್ಟೆಯ ಮೇಲಿನ ಮುದುಕಿ, ‘ಯಾವೂರಪ್ಪಾ? ಯಾರ ಪೈಕಿ?’ ಎನ್ನುತ್ತಾಳೆ. ಮೂರನೆಯ ಪ್ರಶ್ನೆ ‘ಮದಿವಿ ಆಗೇತೇನು?’ ಎಂದಿರುತ್ತದೆ. ಅಷ್ಟರಲ್ಲಿ ಇಬ್ಬರ ಮುಂದೆಯೂ ಚಹಾ, ಪಕ್ಕದಲ್ಲಿ ಸವಣೂರು ಖಾರ. ಚಿತ್ರ ಮಧ್ಯಂತರಕ್ಕೂ ಮುಟ್ಟುವುದಿಲ್ಲ.

ಪೂರ್ವಪಕ್ಷ: ಈಗ ಆರ್‌ಸಿಸಿ ಮನೆಗಳಾಗಿವೆ, ಕೋಣೆಗೆ ಬಾಗಿಲೂ ಇದೆಯಲ್ಲ? ಸಮಾಧಾನ: ಬಾಗಿಲಿದೆ, ಅದರ ಹಿಂದೆ ಗೋವಿನಜೋಳದ ಚೀಲಗಳೂ ಇವೆ. ಮುಚ್ಚುವುದಿಲ್ಲ. 2023ರಲ್ಲಿ ಬಂದ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಕನ್ನಡಕ್ಕೂ ಡಬ್ ಆಯಿತು. ಅಪ್ಪ ಅವ್ವನಿಂದ ಮನೆಬಂಧನದ ಶಿಕ್ಷೆ ಪಡೆದ ಹುಡುಗ ಅಲ್ಲಿ ಸ್ಪಷ್ಟ ಕನ್ನಡದಲ್ಲೇ ಮಾತಾಡಿದ. ಬಾಗಿಲು ಮಾತ್ರ ಡಬ್ ಆಗಲಿಲ್ಲ.

ಹೊರಗಟ್ಟುವಿಕೆಯ ಫಲವೇನೆಂದು ಕೇಳುವವರಿಗೆ ತಾಲ್ಲೂಕುವಾರು ಸಾಕ್ಷ್ಯವಿದೆ. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸರ್ವಜ್ಞ ಮನೆ ಬಿಟ್ಟು ಊರೂರು ಅಲೆದನೆಂಬುದು ಐತಿಹ್ಯ. ಶಿಗ್ಗಾಂವಿಯ ಪಾಲಿಗೆ ಇಬ್ಬರು: ಬಾಡದ ನಾಯಕತನ ತೊರೆದ ಕನಕ, ಮಾಸ್ತರಿಕೆ ಬಿಟ್ಟು ಗೋವಿಂದಭಟ್ಟರ ಬೆನ್ನು ಹತ್ತಿದ ಶಿಶುನಾಳದ ಶರೀಫ. ಹಾನಗಲ್ಲ ತಾಲ್ಲೂಕಿನಿಂದ ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿ. ಇವರನ್ನು ಯಾರೂ ಅಟ್ಟಿರಲಿಲ್ಲ, ಸಂಗೀತ ಕರೆದೊಯ್ದಿತು ಎನ್ನುವ ಕಿರಿಕಿರಿಯವರಿಗೆ ನಾವು ಕಿವಿಗೊಡುವುದಿಲ್ಲ. ಪ್ರಬಂಧ ಎಂದರೆ ಹಾಗೆಯೇ.

ಸವಣೂರಿನದೇ ತಕರಾರು. 1909ರಲ್ಲಿ ಅಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಎಲ್ಲರಿಗಿಂತ ದೂರ, ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಭದ್ರವಾದ ಬಾಗಿಲಿನ ಕೋಣೆ ಸಿಕ್ಕಿರಲೇಬೇಕು. ಆದರೂ ಅದನ್ನು ದಢಾರನೆ ಮುಚ್ಚಿ ಮುನಿಸಿಕೊಳ್ಳದೆ, ಓದಿ, ಮೊದಲ ದರ್ಜೆಯಲ್ಲಿ ಪಾಸಾಗಿ ಬಂದದ್ದು ಸಿದ್ಧಾಂತಕ್ಕೆ ತೊಡಕಾದ್ದರಿಂದ, ಅವರನ್ನು ಅನುಬಂಧಕ್ಕೆ ಅಟ್ಟಲಾಗಿದೆ.